“ಮನೀಗೆ ಕರಕೊಂಡು ಹೋಗ್ರಿ” ಅಂದವರಿಗೆ ಕಲಾದಗಿ ಸೀಮೆಯ ಪ್ರಶ್ನೆ

ಕಲಾದಗಿ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಬಂಧುಗಳೇ, ತಾಯಂದಿರೇ,

ಹೋದ ತಿಂಗಳು ನಮ್ಮ ಓಣಿಯ ಒಬ್ಬ ತಾಯಿ ತೀರಿಕೊಂಡಳು. ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡಿ ಮೂರು ಮಕ್ಕಳನ್ನು ದಡ ಸೇರಿಸಿದಾಕೆ. ಬಾಯಿಯ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕೆನ್ನೆ ತೂತು ಬಿದ್ದಿತ್ತು. ಇದ್ದ ಎರಡು ಎಕರೆಯಲ್ಲಿ ಒಂದನ್ನು ಮಾರಿ ಮಗ ದೊಡ್ಡ ಆಸ್ಪತ್ರೆಗೆ ಒಯ್ದ. ದುಡ್ಡು ಮುಗಿಯಿತು, ರೋಗ ಮುಗಿಯಲಿಲ್ಲ. ಒಂದು ದಿನ ಡಾಕ್ಟರು ಫೈಲು ಮುಚ್ಚಿ ಅಂದರು: “ಇನ್ನ ಮಾಡೂದು ಏನೂ ಇಲ್ಲಪಾ. ಮನೀಗೆ ಕರಕೊಂಡು ಹೋಗ್ರಿ. ಬೇಡಿದ್ದು ಉಣ್ಣಾಕ ಕೊಡ್ರಿ.”

ಬಾಯಿ ತೆರೆಯಲು ಬಾರದವಳಿಗೆ ಬೇಡಿದ್ದು ಉಣ್ಣಿಸಬೇಕಂತೆ!

ಮನೆಗೆ ಬಂದ ಮೇಲೆ ಏನಾಯಿತು ಎಂದು ಆ ಓಣಿಯ ಎಲ್ಲರಿಗೂ ಗೊತ್ತು. ಚೀಟಿಯಲ್ಲಿ ಬರೆದಿದ್ದದ್ದು ಮೊಣಕಾಲು ನೋವಿಗೆ ಕೊಡುವ ಗುಳಿಗೆ. ಅದು ಒಂದು ತಾಸೂ ಹಿಡಿಯುತ್ತಿರಲಿಲ್ಲ. ಗಾಯ ಕೊಳೆತು ನಾತ ಎದ್ದಿತು. ಸೊಸೆ ಹಳೆಯ ಇಳಕಲ್ ಸೀರೆ ಹರಿದು ಕುದಿಸಿ ಆರಿಸಿ, ಗಾಯಕ್ಕೆ ಅಂಟಿದ ಬಟ್ಟೆಯನ್ನು ನೀರು ಹಾಕಿ ನೆನೆಸಿ ಬಿಡಿಸುತ್ತಿದ್ದಳು. ಬಿಡಿಸುವಾಗ ಆ ತಾಯಿಯ ಕೂಗು ಅಗಸಿಯವರೆಗೆ ಕೇಳುತ್ತಿತ್ತು. ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದ ಮೊಮ್ಮಗ ಆ ಕೋಣೆಗೆ ಕಾಲಿಡಲಿಲ್ಲ. ಬೆನ್ನ ಮೇಲೆ ಹಾಸಿಗೆ ಹುಣ್ಣಾಯಿತು. ಕಡೆಕಡೆಗೆ ಅವಳ ಹೊಟ್ಟೆಯಲ್ಲಿ ಹುಟ್ಟಿದವರೇ “ದೇವರೇ, ಬೇಗ ಒಯ್ಯಪ್ಪಾ” ಎಂದು ಕೈ ಮುಗಿದರು. ಮೂರು ವಾರ ನಡೆಯಿತು ಇದು. ಸರ್ಕಾರ ಇತ್ತು, ಆಸ್ಪತ್ರೆ ಇತ್ತು, ಕಾನೂನು ಇತ್ತು, ಮಠ ಮಂದಿರ ಮಸೀದಿ ಎಲ್ಲವೂ ಇದ್ದವು. ಆ ಕೋಣೆಯೊಳಗೆ ಮಾತ್ರ ಸೊಸೆಯೊಬ್ಬಳೇ ಇದ್ದಳು.

“ಮಾಡೂದು ಏನೂ ಇಲ್ಲ” ಅನ್ನುವುದು ಹಸಿ ಸುಳ್ಳು. ಇದನ್ನು ಊರೂರಿಗೆ ಕೂಗಿ ಹೇಳಬೇಕು ಎಂದೇ ಈ ಕರಪತ್ರ ಅಚ್ಚು ಹಾಕಿಸಿದ್ದೇವೆ. ರೋಗ ವಾಸಿ ಮಾಡಲಾಗದು ನಿಜ. ನೋವು ಇಳಿಸಬಹುದು. ಮಾರ್ಫಿನ್ ಗುಳಿಗೆಯನ್ನು ನಾಲ್ಕು ತಾಸಿಗೊಮ್ಮೆ ಲೆಕ್ಕ ಹಿಡಿದು ಕೊಟ್ಟರೆ, ಜತೆಗೆ ಮಲಬದ್ಧತೆಗೆ ಔಷಧ ಕೊಟ್ಟರೆ, ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಮಂದಿ ನೋವು ಹಿಡಿತಕ್ಕೆ ಬಂದು ರಾತ್ರಿ ನಿದ್ದೆ ಮಾಡುತ್ತಾರೆ. ಗಾಯದ ನಾತಕ್ಕೆ ಮೆಟ್ರೊನಿಡಜೋಲ್ ಗುಳಿಗೆ ಪುಡಿ ಮಾಡಿ ಉದುರಿಸುತ್ತಾರೆ. ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಅಗ್ಗದ ಗುಳಿಗೆ ಅದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಗಾಳಿ ಹಾಸಿಗೆ ಹಾಕಿದರೆ ಹಾಸಿಗೆ ಹುಣ್ಣು ಬಹುಮಟ್ಟಿಗೆ ತಪ್ಪುತ್ತದೆ. ನುಂಗಲು ಬಾರದವರಿಗೆ ಮೂಗಿನ ನಳಿಕೆಯಿಂದ ಗಂಜಿ ಕೊಡುತ್ತಾರೆ. ಇದಕ್ಕೆಲ್ಲ ಕೋಟಿ ರೂಪಾಯಿಯ ಯಂತ್ರ ಬೇಡ. ತರಬೇತಾದ ಒಬ್ಬ ನರ್ಸು, ವಾರಕ್ಕೊಮ್ಮೆ ಬರುವ ಒಬ್ಬ ಡಾಕ್ಟರು, ಕೈಜೋಡಿಸುವ ಊರ ಮಂದಿ ಸಾಕು. ಇದನ್ನೇ ಉಪಶಮನ ಆರೈಕೆ ಎನ್ನುತ್ತಾರೆ. ಅದು ಇದ್ದಿದ್ದರೆ ಆ ತಾಯಿ ಮೂರು ವಾರ ಕೂಗಿ ಕೂಗಿ ಸಾಯುತ್ತಿರಲಿಲ್ಲ.

ಮಾರ್ಫಿನ್ ಯಾಕೆ ಸಿಗುವುದಿಲ್ಲ ಎಂಬ ಕತೆಯೂ ಗೊತ್ತಿರಲಿ. ಔಷಧಕ್ಕೆಂದೇ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೊಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಲೈಸೆನ್ಸಿನಲ್ಲಿ ಬೆಳೆಯುತ್ತಾರೆ. ನೆಲ ನಮ್ಮದು, ಬೆಳೆ ನಮ್ಮದು, ನೋವೂ ನಮ್ಮದು. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಯೊಂದು ಮಾರ್ಫಿನ್ ಇಡಬೇಕಾದರೆ ಹಲವು ಇಲಾಖೆಗಳ ಪರವಾನಗಿಗೆ ಅಲೆಯಬೇಕಾಯಿತು. ಅಲೆದಾಟಕ್ಕೂ ಶಿಕ್ಷೆಗೂ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ದೇಶದಲ್ಲಿ ಅದರ ಬಳಕೆ ಪಾತಾಳಕ್ಕೆ ಇಳಿಯಿತು. 2014ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸಲೀಸು ಮಾಡಿತು. ಆದರೂ ಆ ತಾಯಿಯ ಮಗ ಊರೂರು ತಿರುಗಿ ಔಷಧಿ ಅಂಗಡಿಗಳಲ್ಲಿ ಕೇಳಿ ಬರಿಗೈಲಿ ಬಂದ. ಒಂದು ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದನಂತೆ, ನಶೆ ಮಾಡುವವನನ್ನು ನೋಡುವ ಹಾಗೆ.

ಕಾಗದದ ಮೇಲೆ ಯಾವುದಕ್ಕೂ ಕೊರತೆ ಇಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಉಪಶಮನ ಆರೈಕೆಗೆ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಇದನ್ನು ಪ್ರಾಥಮಿಕ ಆರೋಗ್ಯ ಸೇವೆಯೊಳಗೆ ಸೇರಿಸಿತು. ಆಯುಷ್ಮಾನ್ ಕೇಂದ್ರಗಳು ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ಇದೂ ಒಂದು. 2018ರಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಆ ತೀರ್ಪಿನಂತೆ ಆದೇಶ ಹೊರಡಿಸಿತು. ವಾಸಿಯಾಗದ ರೋಗಿಗೆ ಹಾಕಿದ ಜೀವರಕ್ಷಕ ಯಂತ್ರವನ್ನು ವೈದ್ಯರ ಎರಡು ಮಂಡಳಿಗಳು ಒಪ್ಪಿದರೆ ತೆಗೆಯಬಹುದು ಎಂದಿತು. ಒಳ್ಳೆಯದೇ ಆಯಿತು, ಸ್ವಾಗತಿಸುತ್ತೇವೆ. ಆದರೆ ಸ್ವಾಮೀ, ಯಂತ್ರವನ್ನೇ ಕಾಣದವರು ಏನು ಮಾಡಬೇಕು? ವೆಂಟಿಲೇಟರ್ ತೆಗೆಸುವ ಹಕ್ಕು ತೆಗೆದುಕೊಂಡು ಕಲಾದಗಿ ಹೋಬಳಿಯ ಕೂಲಿಯ ಹೆಂಗಸು ಏನು ಮಾಡಬೇಕು? ಅವಳಿಗೆ ಬೇಕಾದದ್ದು ನೋವಿಲ್ಲದ ಒಂದು ರಾತ್ರಿ. ಆ ರಾತ್ರಿಗೆ ಯಾರ ಆದೇಶ?

ಈಗ ಗಡಿಯಾಚೆ ನೋಡಿ. ಕಾಸರಗೋಡಿನ ಕನ್ನಡಿಗರು ಕೇರಳಕ್ಕೆ ಸೇರಿದರೆಂದು ನಾವು ನವೆಂಬರ್ ತಿಂಗಳಲ್ಲಿ ವೇದಿಕೆ ಹತ್ತಿ ಮರುಗುತ್ತೇವೆ. ಮಂಜೇಶ್ವರದಲ್ಲೋ ಬದಿಯಡ್ಕದಲ್ಲೋ ಕನ್ನಡ ಮಾತಾಡುವ ಮುದುಕನೊಬ್ಬ ಹಾಸಿಗೆ ಹಿಡಿದರೆ ಅವನ ಮನೆ ಬಾಗಿಲಿಗೆ ಪಂಚಾಯತಿಯ ಉಪಶಮನ ನರ್ಸು ಬರುತ್ತಾಳೆ. ಎಂಡೋಸಲ್ಫಾನ್ ವಿಷ ತಿಂದ ಎಣ್ಮಕಜೆಯಂಥ ಊರುಗಳಲ್ಲೂ ಹೀಗೆ ಮನೆಗೆ ಹೋಗಿ ನೋಡುವವರಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರಂಥವರು ಚಿಕ್ಕದಾಗಿ ಶುರು ಮಾಡಿದ ಕೆಲಸ ಅದು. ಆಮೇಲೆ ಅದನ್ನು ಊರಿಂದೂರಿಗೆ ಒಯ್ದವರು ಕಾಲೇಜು ಹುಡುಗರು, ಆಟೋದವರು, ಅಂಗಡಿಯವರು, ಮನೆ ಹೆಂಗಸರು. ಅಂಗಡಿಯ ಗಲ್ಲೆಯ ಪಕ್ಕ ಒಂದು ಡಬ್ಬಿ, ಅದಕ್ಕೆ ದಿನಕ್ಕೊಂದು ನಾಣ್ಯ. 2008ರಲ್ಲಿ ಕೇರಳ ಸರ್ಕಾರವೇ ನೀತಿ ಮಾಡಿ ಪಂಚಾಯತಿಗಳಿಗೆ ಹೊಣೆ ಹೊರಿಸಿತು. ಅಲ್ಲಿಯ ಕನ್ನಡಿಗನ ನೋವಿಗೆ ಪಂಚಾಯತಿಯ ದುಡ್ಡು, ಇಲ್ಲಿಯ ಕನ್ನಡತಿಗೆ “ಮನೀಗೆ ಕರಕೊಂಡು ಹೋಗ್ರಿ”! ಗಡಿಯ ಯಾವ ಬದಿಯವರಿಗೆ ನಾವು ಮರುಗಬೇಕು?

ನಮ್ಮ ರಾಜ್ಯದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಬೆಂಗಳೂರಿನ ಕರುಣಾಶ್ರಯವನ್ನು ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕೂಡಿ 1994ರಲ್ಲಿ ಟ್ರಸ್ಟ್ ಮಾಡಿ ಹುಟ್ಟುಹಾಕಿದರು. 1999ರಿಂದ ಮಾರತಹಳ್ಳಿಯ ಅದರ ಕಟ್ಟಡದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ಮನೆಗಳಿಗೂ ಹೋಗುತ್ತಾರೆ. ಎರಡು ಸಂಸ್ಥೆಗಳು ಕೈಜೋಡಿಸಿದ್ದರಿಂದ ಆದ ಕೆಲಸ ಅದು. ಅವರಿಗೆ ನಮ್ಮ ನಮಸ್ಕಾರ. ಆದರೆ ಬೆಂಗಳೂರು ಇಲ್ಲಿಂದ ಒಂದು ಇಡೀ ರಾತ್ರಿಯ ದಾರಿ. ಸಾಯುವ ತಾಯಿಯನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಒಯ್ಯುವುದೇ? ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೂ ಮೂರು ನಾಲ್ಕು ತಾಸು ಬೇಕು. ಅಲ್ಲಿ ಚಿಕಿತ್ಸೆ ಮುಗಿಸಿ ವಾಪಸು ಬಂದವರ ನೋವು ಯಾರ ಪಾಲಿಗೆ?

ನಮ್ಮದು ಯಾರಿಗೂ ಗೊತ್ತಿಲ್ಲದ ಊರಲ್ಲ. 1885ರವರೆಗೆ ಕಲಾದಗಿ ಜಿಲ್ಲಾ ಕೇಂದ್ರ. ಬ್ರಿಟಿಷರ ಕಲೆಕ್ಟರು ಕೂರುತ್ತಿದ್ದ ಊರು. ಜಿಲ್ಲೆಯ ಕಚೇರಿ ವಿಜಯಪುರಕ್ಕೆ ಹೋಯಿತು, 1997ರಲ್ಲಿ ಹೊಸ ಜಿಲ್ಲೆ ಬಾಗಲಕೋಟೆಯ ಹೆಸರಲ್ಲಿ ಬಂತು, ಘಟಪ್ರಭೆಗೆ ಆಲಮಟ್ಟಿಯ ಹಿನ್ನೀರು ಏರಿ ಬಂತು. ಕೊಟ್ಟದ್ದೆಲ್ಲ ನಾವೇ. ಆ ಲೆಕ್ಕ ತೀರಿಸಲು ನಮ್ಮ ಸೀಮೆಗೆ ಒಂದು ಉಪಶಮನ ಮನೆ ಕೇಳುವುದು ಭಿಕ್ಷೆಯೇ?

ಕೈಜೋಡಿಸುವ ಪರಂಪರೆಯೂ ನಮ್ಮಲ್ಲೇ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹೆಗಲಿಗೇರಿಸಿ ಓಣಿ ಓಣಿ ತಿರುಗಿದರು. ಕಾಸು ಬೇಡಲಿಲ್ಲ, ಕಾಳು ಬೇಡಲಿಲ್ಲ. ನಿಮ್ಮ ದುಶ್ಚಟ ಹಾಕಿ ಎಂದರು. ಸಾವಿರಾರು ಮಂದಿ ತಂಬಾಕು, ಸೆರೆ ಹಾಕಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟುದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಭಾಷಣ ಮುಗಿಸಿ ಹೊರಗೆ ಬಂದರೆ ಎದುರಿಗೇ ಪಾನ್ ಅಂಗಡಿ. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ. ಎರಡನ್ನೂ ಅಂಗೈಯಲ್ಲಿ ಕೂಡಿಸಿ ಬಾಯಿಗೆ ಎಸೆದುಕೊಳ್ಳುವ ಹುಡುಗರು ನಾಳೆಯ ರೋಗಿಗಳು. ಅವರಿಗೂ ಒಂದು ದಿನ ಫೈಲು ಮುಚ್ಚಿ ಹೇಳುತ್ತಾರೆ: ಮನೀಗೆ ಕರಕೊಂಡು ಹೋಗ್ರಿ.

ಇಲ್ಲಿ ಕೆಲವರನ್ನು ಹೆಸರು ಹೇಳದೆ ಕೇಳಲೇಬೇಕು. ಉಚಿತ ತಪಾಸಣಾ ಶಿಬಿರ ಮಾಡುವ ಸಂಘದವರೇ, ನೀವು ಬ್ಯಾನರ್ ಕಟ್ಟಿ, ಬಿ.ಪಿ. ಶುಗರ್ ನೋಡಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದಿರಿ. ಶಿಬಿರದಲ್ಲಿ ಬಾಯಿ ಹುಣ್ಣು ತೋರಿಸಿದ ಹೆಂಗಸು ಆಮೇಲೆ ಏನಾದಳು ಎಂದು ಒಬ್ಬರಾದರೂ ಹೋಗಿ ನೋಡಿದಿರಾ? ಸರ್ಕಾರದ ಗೃಹ ಆರೋಗ್ಯ ಯೋಜನೆಯೂ ಮನೆಮನೆಗೆ ಬಂದು ರೋಗ ಹುಡುಕುತ್ತದೆ. ಹುಡುಕಿ ಕೊಟ್ಟ ರೋಗ ಕೈ ಮೀರಿದ ಮೇಲೆ ಬರುವವರು ಯಾರು? ಸರ್ಕಾರಿ ಮೆಡಿಕಲ್ ಕಾಲೇಜಿಗಾಗಿ ಧರಣಿ ಕೂತ ಗೆಳೆಯರೇ, 2025ರ ಬಜೆಟ್ಟಿನಲ್ಲಿ ನಿಮಗೆ ಘೋಷಣೆ ಸಿಕ್ಕಿತು, ಪೇಢೆ ಹಂಚಿದಿರಿ. ನಿಮ್ಮ ಬೇಡಿಕೆ ಪಟ್ಟಿಯಲ್ಲಿ ಸಾಯುವವರಿಗೆ ಒಂದು ವಾರ್ಡು ಎಂಬ ಸಾಲು ಎಲ್ಲಿತ್ತು? ಉಪಶಮನ ಮನೆ ಎಂದರೆ ಇಳಕಲ್ಲಿನವರು ನಮ್ಮಲ್ಲಿ ಆಗಲಿ ಅನ್ನುತ್ತಾರೆ, ಬಾದಾಮಿಯವರು ನಮ್ಮಲ್ಲಿ ಅನ್ನುತ್ತಾರೆ, ಬಾಗಲಕೋಟೆಯವರಿಗಂತೂ ಎಲ್ಲವೂ ನವನಗರದಲ್ಲೇ ಆಗಬೇಕು. ಜಗಳವಾಡುತ್ತಾ ಇರಿ. ಅಲ್ಲಿಯವರೆಗೆ ರೋಗಿಗಳು ಕಾಯುತ್ತಾರೆಯೇ?

ಅಡ್ಡ ಮಾತುಗಳೂ ಕೇಳಿಬಂದಿವೆ. “ಹೆಂಗೂ ಸಾಯೋರಿಗೆ ಖರ್ಚು ಯಾಕ?” ಅನ್ನುವ ಮಹನೀಯರು ತಾವು ಸಾಯದವರ ಪಟ್ಟಿಯಲ್ಲಿ ಹೆಸರು ಬರೆಸಿ ಬಂದಿರಬೇಕು. “ಮಾರ್ಫಿನ್ ಕೊಟ್ಟರೆ ಚಟ ಹತ್ತತೈತಿ” ಅನ್ನುವವರು ಮುಂದಿನ ವಾರ ಮಣ್ಣಿಗೆ ಹೋಗುವವಳ ಚಟದ ಬಗ್ಗೆ ಎಷ್ಟು ಕಾಳಜಿ ಇಟ್ಟಿದ್ದಾರೆ ನೋಡಿ! ಆ ಕಾಳಜಿ ಪಾನ್ ಅಂಗಡಿಯ ಮುಂದೆ ಎಲ್ಲಿ ಹೋಗುತ್ತದೆ? “ಮುಪ್ಪಿನವರನ್ನ ಮನ್ಯಾಗ ನೋಡ್ಕೊಳ್ಳೋದು ನಮ್ಮ ಸಂಸ್ಕೃತಿ” ಎಂಬುದು ಮೂರನೆಯ ಮಾತು. ನಾವೂ ಮನೆಯಲ್ಲೇ ನೋಡಿಕೊಳ್ಳಬೇಕು ಅನ್ನುತ್ತೇವೆ, ಅದಕ್ಕೇ ಮನೆಗೆ ಬರುವ ನರ್ಸನ್ನು ಕೇಳುತ್ತೇವೆ. ಮನೆ ಎಂದರೆ ಸೊಸೆ, ಮಗಳು, ಹೆಂಡತಿ. ಗಂಡಸರು ಕಟ್ಟೆಯ ಮೇಲೆ ಕೂತು ಸಂಸ್ಕೃತಿ ಕಾಯುತ್ತಾರೆ. ಅವರು ಒಂದು ರಾತ್ರಿ ಆ ಕೋಣೆಯಲ್ಲಿ ಗಾಯದ ಬಟ್ಟೆ ಬಿಡಿಸಿ ಬರಲಿ. ಆಮೇಲೆ ಮಾತಾಡೋಣ.

ಜಗತ್ತಿನಲ್ಲಿ ಈ ಆರೈಕೆ ಬೇಕಾದವರಲ್ಲಿ ಸುಮಾರು ಶೇ. 14 ಮಂದಿಗೆ ಮಾತ್ರ ಅದು ಸಿಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ನಮ್ಮ ಓಣಿಯ ತಾಯಿ ಇಲ್ಲ, ನಿಮ್ಮ ಓಣಿಯ ಅಪ್ಪನೂ ಇಲ್ಲ. ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದವರು, ಕಿಡ್ನಿ ಹೋದವರು, ಗ್ರಾನೈಟ್ ದೂಳು ಕುಡಿದು ಉಸಿರು ಕಟ್ಟಿದವರು, ಯಾರೂ ಇಲ್ಲ. ಎಲ್ಲರಿಗೂ ಒಂದೇ ಚೀಟಿ: ಮನೀಗೆ ಕರಕೊಂಡು ಹೋಗ್ರಿ.

ನಮಗೆ ಬೇಕಾದದ್ದು ಇಷ್ಟು. ನಮ್ಮ ಸೀಮೆಯ ರೋಗಿಗಳ ಮನೆಗೆ ಬರುವ ನರ್ಸು ಬೇಕು, ಮಾರ್ಫಿನ್ ಸಿಗುವ ಸರ್ಕಾರಿ ಜಾಗ ಬೇಕು, ಮನೆಯಲ್ಲಿ ಇರಿಸಿಕೊಳ್ಳಲಾಗದವರಿಗೆ ನಾಲ್ಕು ಹಾಸಿಗೆಯ ಒಂದು ಸೂರು ಬೇಕು. ಸರ್ಕಾರ ಕೊಡಲಿ, ಪಂಚಾಯತಿ ಕೊಡಲಿ, ಲಾಭದ ಶೇ. 2ನ್ನು ಸಮಾಜಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುವ ದೊಡ್ಡ ಕಾರ್ಖಾನೆಗಳು ಕೊಡಲಿ, ಮಠ, ಜಮಾತು, ಪತ್ತಿನ ಸಹಕಾರಿ ಸಂಘಗಳು ಕೊಡಲಿ. ಯಾರು ಕೊಟ್ಟರೂ ಕೈ ಮುಗಿದು ತೆಗೆದುಕೊಳ್ಳುತ್ತೇವೆ. ಹೇಗೆ ಮಾಡುವುದು ಎಂಬುದನ್ನು ಕೂತು ಮಾತಾಡಬಹುದು. ಮಾಡುವುದಿಲ್ಲ ಎಂಬ ಮಾತನ್ನು ಇನ್ನು ಕೇಳುವುದಿಲ್ಲ.

ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ ಗ್ರಾಮಸಭೆ. ಆ ತಿಂಗಳ ಎರಡನೆಯ ಶನಿವಾರ ಜಗತ್ತೆಲ್ಲ ಉಪಶಮನ ಆರೈಕೆಯ ದಿನ ಆಚರಿಸುತ್ತದೆ. ಅಷ್ಟರೊಳಗೆ ಈ ಸೀಮೆಯ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಠರಾವು ಪಾಸಾಗಬೇಕು. ಪಿಡಿಒ ಅವರು ವಿಷಯ ಪಟ್ಟಿಯಲ್ಲಿ ಇಲ್ಲ ಎಂದರೆ ಅಲ್ಲೇ ಬರೆಸಿ. ಆಶಾ ಕಾರ್ಯಕರ್ತೆಯರೇ, ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಎಷ್ಟು ಮಂದಿ ಎಂಬ ಲೆಕ್ಕ ತನ್ನಿ. ಸ್ವಸಹಾಯ ಸಂಘದ ಅಕ್ಕ-ತಂಗಿಯರು ಮುಂದಿನ ಸಾಲಿನಲ್ಲಿ ಕೂರಬೇಕು. ಮನೆಯಲ್ಲಿ ಹಾಸಿಗೆ ಹಿಡಿದವರು ಇರುವವರು ಆಸ್ಪತ್ರೆಯ ಆ ಕೊನೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿ. ಅಧ್ಯಕ್ಷರ ಮೇಜಿನ ಮೇಲೆ ಒಂದೊಂದಾಗಿ ಇಟ್ಟು, ಇದರಲ್ಲಿ ನೋವಿನ ಔಷಧ ಯಾವುದು ತೋರಿಸಿ ಎಂದು ಕೇಳೋಣ.

ಇಂತಿ,
ನೊಂದ ಮನೆಗಳವರು, ಕಲಾದಗಿ ಹೋಬಳಿ
(ಓದಿದ ಮೇಲೆ ಇನ್ನೊಬ್ಬರಿಗೆ ಕೊಡಿ)