ಮೂರು ಗಂಟೆಗೆ ಬರಬೇಕಾಗಿದ್ದ ಗಾಡಿ

ಓಣಂ ರಜೆಯ ಕೊನೆಯ ಭಾನುವಾರ, ನಸುಕಿನ ಮೂರು ಗಂಟೆ. ಪೈವಳಿಕೆ ಪರಿಸರದ ಒಂದು ಮನೆಯ ಅಂಗಳದಲ್ಲಿ ಹಗ್ಗ ಬಿಗಿದ ಎರಡು ಪೆಟ್ಟಿಗೆಗಳು ಇದ್ದವು. ಒಂದರಲ್ಲಿ ಬಟ್ಟೆಬರೆ, ಇನ್ನೊಂದರಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮನೆಯಲ್ಲೇ ಹುರಿದು ಮಾಡಿದ ಸಾಂಬಾರು ಪುಡಿ. ಮನೆಯ ಯಜಮಾನ ದುಬಾಯಿಯ ಗೋದಾಮೊಂದರಲ್ಲಿ ಲೆಕ್ಕ ಬರೆಯುವವನು. ರಜೆ ಮುಗಿದಿತ್ತು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕಾಗಿತ್ತು. ಬಜ್ಪೆಯಿಂದ ವಿಮಾನ ಹೊರಡುವುದು ಏಳೂವರೆಗೆ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ಓದುವ ಮಗಳು ನಿದ್ದೆಗಣ್ಣಿನಲ್ಲೇ ಅಪ್ಪನನ್ನು ಕಳುಹಿಸಲು ಎದ್ದು ಕುಳಿತಿದ್ದಳು.

ಬಾಡಿಗೆ ಕಾರನ್ನು ಹತ್ತು ದಿನ ಮೊದಲೇ ಗೊತ್ತುಮಾಡಲಾಗಿತ್ತು. ಮನೆಯಾಕೆ ಚಾಲಕನಿಗೆ ಫೋನು ಮಾಡಿ, "ಅಣ್ಣ, ಭಾನುವಾರ ಬೆಳಗಿನ ಜಾವ ಮಂಗಳೂರಿಗೆ ಹೋಗಲಿಕ್ಕುಂಟು, ಮೂರು ಗಂಟೆಗೆ ಬರಬೇಕು" ಎಂದಿದ್ದಳು. "ಅಕ್ಕ, ನೀವು ಬಿಡಿ, ಮೂರಕ್ಕೆ ಗಾಡಿ ಅಂಗಳದಲ್ಲಿ ಇರ್ತದೆ" ಎಂದು ಆತ ಒಪ್ಪಿದ್ದ. ಮುಂಗಡವಿಲ್ಲ, ಬರಹವಿಲ್ಲ. ಮೂರೂಕಾಲಕ್ಕೆ ಫೋನು ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮೂರೂವರೆಗೆ ಅದೂ ಆಫ್ ಆಯಿತು. ಗುರುತಿನ ಇತರ ಚಾಲಕರಲ್ಲಿ ಒಬ್ಬ ಕಣ್ಣೂರು ವಿಮಾನ ನಿಲ್ದಾಣದ ದಾರಿಯಲ್ಲಿದ್ದ, ಇನ್ನೊಬ್ಬ ಬೇರೆ ಬಾಡಿಗೆಗೆ ಹೊರಟಾಗಿತ್ತು. ಕೊನೆಗೆ ನೆರೆಮನೆಯ ಹುಡುಗನನ್ನು ಎಬ್ಬಿಸಿ, ಅವನ ಸ್ವಂತ ಕಾರಿಗೆ 3,500 ರೂಪಾಯಿ ಕೊಡುವುದಾಗಿ ಒಪ್ಪಿ ಹೊರಡುವಾಗ ಐದು ದಾಟಿತ್ತು. ಬಜ್ಪೆ ತಲುಪಿದ್ದು ಆರು ನಲುವತ್ತಕ್ಕೆ. ಕೌಂಟರು ಆರೂವರೆಗೆ ಮುಚ್ಚಿತ್ತು. ವಿಮಾನ ಇನ್ನೂ ನಿಲ್ದಾಣದಲ್ಲೇ ಇತ್ತು. ಅದರಿಂದ ಪ್ರಯೋಜನವೇನೂ ಇರಲಿಲ್ಲ.

ಹೊಸ ಟಿಕೆಟಿಗೆ ಮೂರು ಪಟ್ಟು ಹಣ ತೆರಬೇಕಾಯಿತು. ಎರಡು ದಿನ ತಡವಾಗಿ ಸೇರಿದ್ದಕ್ಕೆ ಅಲ್ಲಿ ಸಂಬಳವೂ ಕಡಿತವಾಯಿತು. ಎರಡು ಪಟ್ಟು ಬಾಡಿಗೆಯ ಆಸೆಗೆ ಚಾಲಕ ಬೇರೊಬ್ಬರನ್ನು ಕರೆದೊಯ್ದಿದ್ದನೆಂಬುದು ಆಮೇಲೆ ತಿಳಿಯಿತು. ಕೇಳಲು ಹೋದಾಗ ಆತ ಕೊಟ್ಟ ಉತ್ತರ ಇಷ್ಟೇ: "ಮಂಗಳೂರಿಗೆ ಅಂತ ಮಾತ್ರ ಹೇಳಿದ್ದು. ವಿಮಾನ ಅಂತ ನನಗೆ ಯಾರೂ ಹೇಳಲಿಲ್ಲ."

ಇದು ನುಣುಚಿಕೊಳ್ಳುವ ಮಾತೆಂದು ಮನೆಮಂದಿಗೆ ಸಿಟ್ಟು ಬಂದಿತು. ಆದರೆ ಕಾನೂನು ಈ ವಾಕ್ಯವನ್ನು ನೂರ ಎಪ್ಪತ್ತು ವರ್ಷಗಳಿಂದ ಬಲ್ಲದು. 1854ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಎಂಬ ವ್ಯಾಜ್ಯವನ್ನು ತೀರ್ಮಾನಿಸಿತು. ಗ್ಲಾಸ್ಟರ್ ಪಟ್ಟಣದ ಹಿಟ್ಟಿನ ಗಿರಣಿಯೊಂದರಲ್ಲಿ ಆವಿಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿದಿತ್ತು. ಅದನ್ನು ಮಾದರಿಯಾಗಿಟ್ಟು ಹೊಸತನ್ನು ಮಾಡಿಸಬೇಕಾಗಿದ್ದುದರಿಂದ, ಮುರಿದ ಭಾಗವನ್ನು ಗ್ರೀನಿಚ್‌ಗೆ ಒಯ್ಯಲು ಸಾಗಾಟದವರಿಗೆ ಒಪ್ಪಿಸಲಾಯಿತು. ಸಾಗಾಟದವರು ತಡಮಾಡಿದರು; ಅಷ್ಟು ದಿನವೂ ಗಿರಣಿ ನಿಂತಿತು. ನಿಂತ ದಿನಗಳ ಲಾಭವನ್ನು ತುಂಬಿಕೊಡಬೇಕೆಂದು ಗಿರಣಿಯವರು ದಾವೆ ಹೂಡಿದರು. ಆ ಲಾಭವನ್ನು ಕೊಡಿಸಲು ನ್ಯಾಯಾಲಯ ಒಪ್ಪಲಿಲ್ಲ. ಒಂದು ಶಾಫ್ಟ್ ಬರುವುದು ತಡವಾದರೆ ಇಡೀ ಗಿರಣಿಯೇ ನಿಲ್ಲುತ್ತದೆಂದು ಸಾಗಾಟದವರು ಊಹಿಸಬೇಕಾಗಿರಲಿಲ್ಲ; ಗಿರಣಿಯಲ್ಲಿ ಇನ್ನೊಂದು ಶಾಫ್ಟ್ ಇದ್ದಿರಬಹುದಲ್ಲವೇ ಎಂಬುದು ನ್ಯಾಯಾಧೀಶರ ತರ್ಕ. ಗಿರಣಿಗೆ ಬದಲು ವಿಮಾನ, ಶಾಫ್ಟಿಗೆ ಬದಲು ಮನೆಯ ಯಜಮಾನ ಎಂದಿಟ್ಟರೆ ಪೈವಳಿಕೆಯ ಕಥೆ ಅದೇ ಆಗುತ್ತದೆ.

ಆ ತತ್ತ್ವವೇ 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಪ್ರಕರಣದಲ್ಲಿದೆ. ಕರಾರು ಮುರಿದವನು ಎರಡು ಬಗೆಯ ನಷ್ಟಕ್ಕೆ ಹೊಣೆಗಾರ: ಕರಾರು ಮುರಿದರೆ ಸಹಜವಾಗಿ ಉಂಟಾಗುವ ನಷ್ಟ, ಮತ್ತು ಕರಾರು ಮಾಡುವಾಗಲೇ ಹೀಗಾಗಬಹುದೆಂದು ಇಬ್ಬರಿಗೂ ತಿಳಿದಿದ್ದ ನಷ್ಟ. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಚಾಲಕ ಬಾರದಿದ್ದಾಗ ಬೇರೆ ಗಾಡಿಗೆ ತೆತ್ತ ಹೆಚ್ಚಿನ ಬಾಡಿಗೆ ಮೊದಲನೆಯ ಬಗೆಗೆ ಸೇರುತ್ತದೆ. ಅದನ್ನು ಯಾವ ಚಾಲಕನೂ ಅಲ್ಲಗಳೆಯುವಂತಿಲ್ಲ. ತಪ್ಪಿದ ವಿಮಾನದ ಟಿಕೆಟು ಎರಡನೆಯದಕ್ಕೆ ಸೇರಬೇಕಾದರೆ, ಆ ಪ್ರಯಾಣ ವಿಮಾನಕ್ಕಾಗಿ ಎಂಬುದು ಚಾಲಕನಿಗೆ ಮೊದಲೇ ತಿಳಿದಿತ್ತೆಂದು ತೋರಿಸಬೇಕು. ಬಾಯಿಮಾತಿನ ಕರಾರೂ ಕರಾರೇ; ಅದಕ್ಕೆ ಮುದ್ರಾಂಕದ ಕಾಗದ ಬೇಕಿಲ್ಲ. ಆದರೆ ಆಡಿದ ಮಾತು ಏನೆಂಬುದೇ ವ್ಯಾಜ್ಯವಾದಾಗ ಬಾಯಿಮಾತಿಗೆ ಸಾಕ್ಷಿ ಯಾರು? ಫೋನಿನಲ್ಲಿ ಮಾತಾಡಿ ಮುಗಿಸಿದ ಮೇಲೆ ಎರಡು ಸಾಲಿನ ಸಂದೇಶ ಕಳುಹಿಸಿದ್ದರೆ ಸಾಕಾಗಿತ್ತು. ತಾರೀಕು, ಹೊರಡುವ ಗಂಟೆ, ವಿಮಾನದ ಗಂಟೆ, ಒಪ್ಪಿದ ಬಾಡಿಗೆ, ಕಾಯುವ ಹಣ ಮತ್ತು ಟೋಲು ಅದರಲ್ಲಿ ಸೇರಿದೆಯೇ ಎಂಬುದು. ಅದಕ್ಕೆ ಆತನಿಂದ 'ಸರಿ' ಎಂಬ ಒಂದು ಉತ್ತರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯಿದೆಯ ಪ್ರಕಾರ ಇಂಥ ಸಂದೇಶವನ್ನು ನಿಗದಿತ ಪ್ರಮಾಣಪತ್ರದೊಂದಿಗೆ ನ್ಯಾಯಾಲಯದ ಮುಂದಿಡಬಹುದು. ಫೋನು ಬದಲಿಸುವಾಗ ಅದು ಅಳಿಸಿಹೋಗದಂತೆ ನೋಡಿಕೊಂಡರಾಯಿತು.

ಇಷ್ಟು ಚಿಕ್ಕ ಮೊತ್ತಕ್ಕೆ ಸಿವಿಲ್ ದಾವೆಯೇ ಎಂದು ಹಿಂಜರಿಯುವವರಿಗೆ ಗ್ರಾಹಕ ಆಯೋಗದ ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ಹಣ ಕೊಟ್ಟವನಷ್ಟೇ ಅಲ್ಲ, ಕೊಡುವುದಾಗಿ ಮಾತುಕೊಟ್ಟವನೂ ಗ್ರಾಹಕನೇ; ಆದುದರಿಂದ ಮುಂಗಡ ಕೊಡಲಿಲ್ಲವೆಂಬುದು ಅಡ್ಡಿಯಲ್ಲ. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನ ಟ್ಯಾಕ್ಸಿ ಸಂಸ್ಥೆಯ ವಿರುದ್ಧವಾದರೂ ಕಾಸರಗೋಡಿನ ಜಿಲ್ಲಾ ಆಯೋಗ ಸಾಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅವಧಿ ಎರಡು ವರ್ಷ. ಪ್ರಸಂಗವಶಾತ್ ಇನ್ನೊಂದು ಮಾತು: ವಿಮಾನ ತಪ್ಪಿಸಿಕೊಂಡವರಿಗೂ ಬಳಸದ ಟಿಕೆಟಿನಲ್ಲಿ ಸೇರಿದ್ದ ಸರಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ವಿಮಾನ ಸಂಸ್ಥೆ ಮರಳಿಸಬೇಕು. ಕೇಳುವವರು ಕಡಿಮೆ, ಆದ್ದರಿಂದ ಕೊಡುವವರೂ ಕಡಿಮೆ.

ಆ ದಿನ ಮನೆಮಂದಿಯ ಗಮನಕ್ಕೇ ಬಾರದ, ಟಿಕೆಟಿಗಿಂತ ದೊಡ್ಡ ಅಪಾಯ ಬೇರೆಯೇ ಇತ್ತು. ನೆರೆಮನೆಯ ಹುಡುಗನ ಕಾರಿಗೆ ಬಿಳಿ ನಂಬರು ಹಲಗೆ. ಬಾಡಿಗೆಗೆ ಓಡುವ ಕಾರಿಗೆ ಹಳದಿ ಹಲಗೆಯಲ್ಲಿ ಕಪ್ಪು ಅಕ್ಷರಗಳಿರುತ್ತವೆ. ವಿದ್ಯುತ್ ಕಾರಾದರೆ ಹಸುರು ಹಲಗೆಯಲ್ಲಿ ಹಳದಿ ಅಕ್ಷರ. ಟ್ಯಾಕ್ಸಿ ಸ್ಟ್ಯಾಂಡಿನವರು ಕಳ್ಳ ಟ್ಯಾಕ್ಸಿ ಎಂದು ಹಳಿಯುವುದನ್ನು ಕೇವಲ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿಲ್ಲ. ಪರ್ಮಿಟ್ಟಿಲ್ಲದೆ ಬಾಡಿಗೆಗೆ ಓಡಿಸುವುದು 1988ರ ಮೋಟಾರು ವಾಹನ ಕಾಯಿದೆಯ 66ನೆಯ ಪ್ರಕರಣದ ಉಲ್ಲಂಘನೆ. ಶಿಕ್ಷೆ ಪ್ರಯಾಣಿಕನಿಗಲ್ಲ ನಿಜ. ಆದರೆ 207ನೆಯ ಪ್ರಕರಣದಡಿ ಗಾಡಿಯನ್ನೇ ತಡೆದು ನಿಲ್ಲಿಸುವ ಅಧಿಕಾರವಿದೆ. ತಲಪಾಡಿಯಲ್ಲಿ ಹಾಗಾದರೆ ಪೆಟ್ಟಿಗೆಗಳೊಂದಿಗೆ ರಸ್ತೆ ಬದಿಯಲ್ಲಿ ನಿಲ್ಲಬೇಕಾದವರು ಪ್ರಯಾಣಿಕರೇ. ಇನ್ನು, ದೇವರು ದೊಡ್ಡವನು, ಆದರೂ ಅಪಘಾತವಾಯಿತೆನ್ನಿ. ಖಾಸಗಿ ಕಾರಿನ ವಿಮೆಯಲ್ಲಿ ಗಾಡಿಯನ್ನು ಬಾಡಿಗೆಗೆ ಬಳಸಕೂಡದೆಂಬ ಷರತ್ತು ಇರುತ್ತದೆ. ಆ ಷರತ್ತನ್ನು ಮುರಿದಿದ್ದರೆ ಪರಿಹಾರ ಕೊಡದಿರಲು ವಿಮಾ ಕಂಪೆನಿಗೆ 150ನೆಯ ಪ್ರಕರಣವೇ ಆಧಾರ ಒದಗಿಸುತ್ತದೆ. ಮೊದಲು ಕೊಟ್ಟು ಆಮೇಲೆ ಗಾಡಿಯ ಮಾಲಿಕನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯಗಳು ಕೆಲವು ಪ್ರಕರಣಗಳಲ್ಲಿ ಹೇಳಿವೆ. ಹಾಗೆ ಹೇಳಿಸಿಕೊಳ್ಳುವುದಕ್ಕೆ ವರ್ಷಗಳು ಬೇಕು. ಬಾಡಿಗೆ ಪಡೆದ ಆ ಹುಡುಗನ ಮನೆಯೇ ಹರಾಜಿಗೆ ಬರುವ ಸಾಧ್ಯತೆಯೂ ಇದೆ. ಸಂಬಂಧಿಕರು ಪ್ರೀತಿಯಿಂದ ಬಿಟ್ಟುಬರುವುದು ಬಾಡಿಗೆಯಲ್ಲ. ಮೊತ್ತ ನಿಗದಿ ಮಾಡಿ ಪಡೆದರೆ ಬಾಡಿಗೆಯೇ, ಅದನ್ನು ಪೆಟ್ರೋಲು ಖರ್ಚೆಂದು ಕರೆದರೂ ಅಷ್ಟೇ.

ಗಡಿಯಲ್ಲಿ ಬಾಳುವವರಿಗೆ ಇನ್ನೊಂದು ತೊಡಕು. ಮನೆ ಕೇರಳದಲ್ಲಿ, ಹತ್ತಿರದ ವಿಮಾನ ನಿಲ್ದಾಣ ಕರ್ನಾಟಕದಲ್ಲಿ. ಕೇರಳದೊಳಗಿನ ಪರ್ಮಿಟ್ಟು ಮಾತ್ರವಿರುವ ಟ್ಯಾಕ್ಸಿ ಗಡಿ ದಾಟಬೇಕಾದರೆ ವಿಶೇಷ ಪರ್ಮಿಟ್ಟು ಪಡೆಯಬೇಕು. ಅಖಿಲ ಭಾರತ ಪ್ರವಾಸಿ ಪರ್ಮಿಟ್ಟಿದ್ದರೆ ಆ ಚಿಂತೆಯಿಲ್ಲ. ಗಾಡಿ ಗೊತ್ತುಮಾಡುವಾಗ ಇದನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಮಾತು ತಪ್ಪಿದ ಟ್ಯಾಕ್ಸಿಯ ಬಗ್ಗೆ ಮೋಟಾರು ವಾಹನ ಇಲಾಖೆಗೆ ದೂರು ಕೊಡಬೇಕೆಂದಾಗ ಮಲಯಾಳದಲ್ಲಿ ಬರೆಯಿಸಲು ಇನ್ನೊಬ್ಬರ ಮನೆಯ ಬಾಗಿಲಿಗೂ ಹೋಗಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಶಾಲೆಯಲ್ಲಿ ಪತ್ರಲೇಖನ ಕಲಿತ ಮಕ್ಕಳು ಮನೆಯಲ್ಲಿರುವಾಗ ಬರೆಯುವವರಿಗೇನು ಬರ?

ಗಾಡಿ ಸಿಗದಿರುವುದಕ್ಕೆ ಕಾರಣವೂ ಗಡಿಯೇ. ಮಂಗಳೂರು ಕಡೆಯವರು ಒಂದು ಪಂಚಾಂಗ ನೋಡಿದರೆ ಸಾಕು. ಇಲ್ಲಿಯವರು ಮೂರು ನೋಡಬೇಕು. ಮಕ್ಕಳಿಗೆ ರಜೆ ಸಿಗುವುದು ಕೇರಳದ ಲೆಕ್ಕದಲ್ಲಿ, ಓಣಂಗೆ ಮತ್ತು ಕ್ರಿಸ್ಮಸಿಗೆ. ನಿಲ್ದಾಣದ ದಾರಿ ತುಂಬುವುದು ದಕ್ಷಿಣ ಕನ್ನಡದ ಲೆಕ್ಕದಲ್ಲಿ, ಚೌತಿಗೆ ಮತ್ತು ನವರಾತ್ರಿಗೆ. ವಿಮಾನ ತುಂಬುವುದು ಕೊಲ್ಲಿಯ ಲೆಕ್ಕದಲ್ಲಿ. ಅಲ್ಲಿಯ ಈದ್ ಇಲ್ಲಿಯ ಪೆರ್ನಾಳಿಗಿಂತ ಹೆಚ್ಚಾಗಿ ಒಂದು ದಿನ ಮುಂಚಿತ. 2024ರ ಸೆಪ್ಟೆಂಬರಿನಲ್ಲಿ ಚೌತಿ 7ರ ಶನಿವಾರ ಬಂದರೆ ತಿರುವೋಣಂ 15ರ ಭಾನುವಾರ, ಮರುದಿನವೇ ಮೀಲಾದುನ್ನಬಿ. ಅಂಥ ವಾರಗಳಲ್ಲಿ ಉಪ್ಪಳದಿಂದ ಕುಂಬಳೆಯವರೆಗೆ ಒಂದು ಹಳದಿ ಹಲಗೆಯೂ ಖಾಲಿ ಇರುವುದಿಲ್ಲ. ಎರಡು ವಾರ ಮೊದಲು ಹೇಳಿ, ಹಿಂದಿನ ದಿನ ಸಂಜೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಚಾಲಕನ ದನಿಯಲ್ಲಿ ಸಂಶಯ ತೋರಿದರೆ, ಅದೇ ರಾತ್ರಿಯ ರೈಲು ಅಥವಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ನೆಂಟರ ಮನೆಯಲ್ಲಿ ತಂಗುವುದು ಲೇಸು. ಬೆಳಗ್ಗೆ ಅಲ್ಲಿಂದ ನಿಲ್ದಾಣಕ್ಕೆ ಗಾಡಿ ಸಿಗುವುದು ಅಷ್ಟು ಕಷ್ಟವಲ್ಲ. ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು ಎಂಬ ಮೂರು ಕಡೆ ಕಾದು ನಿಲ್ಲುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮಯ ಎಣಿಸಬೇಕಾದುದು ವಿಮಾನ ಹೊರಡುವ ಗಂಟೆಯಿಂದಲ್ಲ, ಟಿಕೆಟಿನಲ್ಲಿ ಬರೆದಿರುವ ಕೌಂಟರು ಮುಚ್ಚುವ ಗಂಟೆಯಿಂದ ಹಿಂದಕ್ಕೆ.

ಪೈವಳಿಕೆಯ ಆ ಮನೆಯವರು ದೂರು ಕೊಡಲಿಲ್ಲ. ಚಾಲಕ ಅದೇ ಊರಿನವನು, ಅವನ ಮಗ ಇವರ ಮಗಳದೇ ಶಾಲೆಯಲ್ಲಿ ಓದುವವನು. ನೆರೆಯವನಿಗೆ ತೆತ್ತ ಹೆಚ್ಚಿನ ಬಾಡಿಗೆಯನ್ನು ಆತ ಎರಡು ಕಂತುಗಳಲ್ಲಿ ಮರಳಿಸಿದ. ಟಿಕೆಟಿನ ಮಾತು ಅಲ್ಲಿಗೇ ನಿಂತಿತು. ಕ್ರಿಸ್ಮಸ್ ರಜೆಗೆ ತಾಯಿ ಮಗಳಿಬ್ಬರೂ ದುಬಾಯಿಗೆ ಹೊರಟಾಗ ಗಾಡಿಗೆ ಹೇಳಿದ್ದು ಇನ್ನೊಬ್ಬನಿಗೆ. ಫೋನಿನಲ್ಲಿ ಮಾತು ಮುಗಿದೊಡನೆ ತಾಯಿಯ ಕೈಯಿಂದ ಫೋನು ತೆಗೆದುಕೊಂಡು ಮಗಳು ಕನ್ನಡದಲ್ಲೇ ಬರೆದಳು: "ಅಣ್ಣ, ಡಿಸೆಂಬರ್ 21, ಬೆಳಗಿನ ಜಾವ 3ಕ್ಕೆ ನಮ್ಮ ಮನೆಯಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ. ವಿಮಾನ 7.30ಕ್ಕೆ. ಬಾಡಿಗೆ 2,200, ಟೋಲು ಸೇರಿ. ಸರಿಯಾ?" ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು: "ಸರಿ ಮಗಳೇ. ಆದರೆ ಮೂರಕ್ಕೆ ಬೇಡ, ಎರಡೂವರೆಗೆ ಬರ್ತೇನೆ. ಹೆದ್ದಾರಿಯಲ್ಲಿ ಕೆಲಸ ನಡೀತಾ ಉಂಟು."