ಬೀಗ ಹಾಕಿದ ಕೋಣೆ ಮತ್ತೆ ತೆಗೆಯಬೇಕಾ?

ಕಳೆದ ಶನಿವಾರ ರಾತ್ರಿ. ಹೊರಗೆ ಜೋರು ಮಳೆ. ಬೆಂಗಳೂರಿಂದ ಕಾರ್ಕಳಕ್ಕೆ ಬಂದಿದ್ದ ತಮ್ಮ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ‘ಹ್ಯಾಲೋವೀನ್’ ಹಾಕಿದ. 1978ರ ಮೂಲ ಸಿನಿಮಾ ಅಲ್ಲ, 2007ರ ರಿಮೇಕ್. ಮುಖವಾಡ ಹಾಕಿದವನೊಬ್ಬ ಚೂರಿ ಹಿಡಿದು ಒಬ್ಬೊಬ್ಬರನ್ನೇ ಮುಗಿಸುವ, ಸ್ಲಾಷರ್ ಅನ್ನುವ ಜಾತಿಯ ಸಿನಿಮಾ. ಅರ್ಧ ಗಂಟೆಗೇ ನನಗೆ ಸಾಕಾಯ್ತು.

“ಈ ರಿಮೇಕ್ ಮಾಡುವವರಿಗೆ ಬೇರೆ ಕೆಲಸ ಇಲ್ವಾ ಮಾರಾಯ?”

“ಅಕ್ಕಾ, ರಿಮೇಕ್ ಅಡ್ಡಿಲ್ಲ. ಇದರ ಹಳೇ ಸರಣಿಯ ಎಂಟನೇ ಭಾಗ ನೋಡಿದ್ರೆ ನೀನು ಟಿವಿಗೇ ಚಪ್ಪಲಿ ಬಿಸಾಡ್ತಿ” ಅಂದ.

ಅವನು ಹೇಳಿದ್ದಿಷ್ಟು. 1998ರ ಏಳನೇ ಭಾಗದಲ್ಲಿ, ಇಪ್ಪತ್ತು ವರ್ಷ ಹೆದರಿ ಬದುಕಿದ ಲಾರಿ ಕೊನೆಗೂ ಕೊಡಲಿ ಎತ್ತಿ ಕೊಲೆಗಾರನ ತಲೆ ಕಡಿಯುತ್ತಾಳೆ. 2002ರಲ್ಲಿ ಎಂಟನೇ ಭಾಗ ಬಂದು, ‘ಮುಖವಾಡದೊಳಗೆ ಇದ್ದದ್ದು ಬೇರೆ ಯಾರೋ ಪಾಪದವ’ ಅನ್ನುತ್ತದೆ. ಅಷ್ಟು ಸಾಲದ್ದಕ್ಕೆ ಶುರುವಿನಲ್ಲೇ ಲಾರಿಯನ್ನೂ ಕೊಲ್ಲುತ್ತದೆ.

ಆಗ ನನಗೆ ಹೊಳೆಯಿತು. ಕೆಟ್ಟ ರಿಮೇಕ್ ನಮ್ಮ ಎರಡು ಗಂಟೆ ಹಾಳು ಮಾಡುತ್ತದೆ, ಅಷ್ಟೆ. ಮೂಲ ಸಿನಿಮಾ ಇದ್ದಲ್ಲೇ ಇರುತ್ತದೆ. ತಡವಾಗಿ ಬಂದ ಕೆಟ್ಟ ಸೀಕ್ವೆಲ್ ಹಾಗಲ್ಲ. ಅದು ಹಿಂದೆ ಹೋಗಿ, ಮುಗಿದ ಕಥೆಯ ಮುಕ್ತಾಯವನ್ನೇ ಕಿತ್ತುಕೊಳ್ಳುತ್ತದೆ.

ನಮ್ಮ ಕಡೆಯವರಿಗೆ ರಿಮೇಕ್ ಹೊಸತೂ ಅಲ್ಲ. ‘ದೇವಿ ಮಹಾತ್ಮೆ’ ಆಟ ಎಷ್ಟು ಸಲ ನೋಡಿಲ್ಲ ನಾವು? ಜನರ ನಡುವಿನಿಂದ ದೊಂದಿ ಬೆಳಕಲ್ಲಿ ಮಹಿಷಾಸುರ ಬರುವಾಗ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ. ಕಥೆ ಅದೇ, ಸಾವೂ ಅದೇ. ಮರುದಿನ ಚರ್ಚೆ ಮಾತ್ರ “ಈ ವರ್ಷದ ಮಹಿಷಾಸುರ ಹೇಗೆ?” ಅಂತ.

ಭೂತದ ಸಿನಿಮಾ ಅಂದರೆ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ‘ಆಪ್ತಮಿತ್ರ’. ಅದೂ ರಿಮೇಕೇ. ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳಂ ಸಿನಿಮಾ ‘ಮಣಿಚಿತ್ರತ್ತಾಳ್’ 2004ರಲ್ಲಿ ಪಿ. ವಾಸು ಕೈಯಲ್ಲಿ ಕನ್ನಡಕ್ಕೆ ಬಂತು. ಬೀಗ ಹಾಕಿದ ಕೋಣೆ, ನಾಗವಲ್ಲಿ, ಸೌಂದರ್ಯ ಅವರ ಕಣ್ಣು. ಅವರು ಆ ಏಪ್ರಿಲ್‌ನಲ್ಲೇ ತೀರಿಹೋಗಿದ್ದರು. ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಕೊನೆಗೆ ತಿಳಿಯುವುದೇನು? ಗಂಗಾಳಿಗೆ ಹಿಡಿದದ್ದು ಭೂತ ಅಲ್ಲ, ಮನಸ್ಸಿನ ಕಾಯಿಲೆ. ವಿಷ್ಣುವರ್ಧನ್ ಅವರ ಡಾಕ್ಟರ್ ವಿಜಯ್ ಅದನ್ನು ಗುಣ ಮಾಡುತ್ತಾರೆ.

ಆಗ ನಮ್ಮ ದೊಡ್ಡಮ್ಮನ ಮಗಳು ರಾತ್ರಿ ಎದ್ದು ಯಾರದ್ದೋ ದನಿಯಲ್ಲಿ ಮಾತಾಡುತ್ತಿದ್ದಳು. ತಾಯಿತ, ಭಸ್ಮ, ಮಂತ್ರಿಸಿದ ನೂಲು ಎಲ್ಲ ಆಗಿತ್ತು. ಉಡುಪಿಯಲ್ಲಿ ಈ ಸಿನಿಮಾ ನೋಡಿ ಬಸ್ಸಲ್ಲಿ ಬರುವಾಗ ದೊಡ್ಡಮ್ಮ ಒಂದೇ ಮಾತು ಹೇಳಿದ್ದು: “ಇದಕ್ಕೆ ಡಾಕ್ಟರೂ ಇದ್ದಾರಾ?” ಮುಂದಿನ ವಾರವೇ ಅಕ್ಕನನ್ನು ಮಣಿಪಾಲಕ್ಕೆ ಕರ್ಕೊಂಡು ಹೋದರು. ದೈವಕ್ಕೆ ಕೈ ಮುಗಿದೇ ಹೋದದ್ದು, ಜಗಳ ಆಡಿ ಅಲ್ಲ. ಮಾತ್ರೆ, ಮಾತುಕತೆ, ಎರಡು ವರ್ಷ. ಅಕ್ಕ ಈಗ ಶಾಲೆಯಲ್ಲಿ ಟೀಚರ್.

2010ರ ಫೆಬ್ರವರಿಯಲ್ಲಿ ‘ಆಪ್ತರಕ್ಷಕ’ ಬಂತು. ನಾಗವಲ್ಲಿಯ ಚಿತ್ರ ಇನ್ನೊಂದು ಮನೆ ಸೇರುತ್ತದೆ, ಕಾಟ ಮತ್ತೆ ಶುರು. ಆ ಕಾಲದ ರಾಜನೇ ಇನ್ನೂ ಬದುಕಿದ್ದಾನೆ! ನಿಜ ಹೇಳ್ತೇನೆ, ನಾನೂ ಶಿಳ್ಳೆ ಹೊಡೆದಿದ್ದೆ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಹೋಗಿದ್ದರು. ಜನ ಹೋದದ್ದು ಅವರನ್ನು ಕೊನೆಯ ಸಲ ತೆರೆಯ ಮೇಲೆ ನೋಡಲು. ಆ ಸಿನಿಮಾವನ್ನು ಕೆಟ್ಟದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ವಾರ ಒಬ್ಬರು ಸಂಬಂಧಿಕರು ಮನೆಗೆ ಬಂದು, “ನೋಡಿ, ಅದು ಕಾಯಿಲೆ ಅಲ್ಲ ಅಂತ ಆಗಲೇ ಹೇಳಿದ್ದೆ” ಅಂದಾಗ ದೊಡ್ಡಮ್ಮನ ಮುಖ ಸಣ್ಣದಾಯಿತು.

ಹಿಂದಿಯಲ್ಲೂ ಇದೇ ಕಥೆ. 2007ರ ‘ಭೂಲ್ ಭುಲಯ್ಯಾ’ದಲ್ಲಿ ಮನೋವೈದ್ಯ ಗೆದ್ದ. ಹದಿನೈದು ವರ್ಷ ಬಿಟ್ಟು 2022ರಲ್ಲಿ ಬಂದ ಎರಡನೇ ಭಾಗದಲ್ಲಿ ಭೂತ ನಿಜವಾದದ್ದೇ! ಯಾಕೆ ಅಂದರೆ, ಗುಣವಾದವಳ ಮೇಲೆ ಇನ್ನೊಂದು ಸಿನಿಮಾ ಮಾಡಲಿಕ್ಕೆ ಆಗುವುದಿಲ್ಲ. ಭೂತ ಆದರೆ ಎಷ್ಟು ಸಲ ಬೇಕಾದರೂ ಬರಬಹುದು.

ನಮ್ಮ ರಕ್ತಬೀಜನ ಹಾಗೆ. ಒಂದು ಹನಿ ಬಿದ್ದರೆ ಇನ್ನೊಬ್ಬ. ಆದರೆ ಆಟದಲ್ಲಿ ಅವನಿಗೂ ಬೆಳಗಾಗುವುದರೊಳಗೆ ಕೊನೆ ಉಂಟು.

ಮೊನ್ನೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ, “‘ಆಪ್ತರಕ್ಷಕ’ ನಿನಗೆ ಹೇಗನಿಸಿತ್ತು?”

“ನಾನದನ್ನು ನೋಡಲೇ ಇಲ್ಲ ಮಾರಾಯ್ತಿ. ಕಥೆ ಮೊದಲನೆಯದರಲ್ಲೇ ಮುಗಿದಿತ್ತಲ್ಲ?”

ನೀವು ಹೇಳಿ, ಯಾವ ಸಿನಿಮಾದ ಎರಡನೇ ಭಾಗ ಬಾರದೇ ಇದ್ದಿದ್ದರೆ ಒಳ್ಳೆಯದಿತ್ತು?