ನಾಡಗೀತೆಗೆ ಕಟ್ಟಿದ ಗಡಿಯಾರ

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಿಲ್ಲದೆ, ಪುನರಾವರ್ತನೆಯಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ರಾಜ್ಯ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಜಗಳವೆಲ್ಲ ನಡೆದದ್ದು ಧಾಟಿಯ ಮೇಲೆ: ಅನಂತಸ್ವಾಮಿಯವರದೋ, ಸಿ. ಅಶ್ವಥ್ ಅವರದೋ? ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು. ನನಗೆ ಆ ಜಗಳದಲ್ಲಿ ಆಸಕ್ತಿಯಿಲ್ಲ. ಇಬ್ಬರೂ ದೊಡ್ಡವರೇ, ಇಬ್ಬರೂ ಸುಗಮ ಸಂಗೀತದ ಒಂದೇ ಮನೆಯವರು. ನನ್ನ ತಕರಾರು ‘ಪುನರಾವರ್ತನೆಯಿಲ್ಲದೆ’ ಎಂಬ ಮಾತಿನ ಮೇಲೆ.

ಐ.ಡಿ.ಹಳ್ಳಿ ಇರುವ ನಮ್ಮ ಮಧುಗಿರಿ ಸೀಮೆಯ ಮದುವೆ ಮನೆಗಳಲ್ಲಿ ಸೋಬಾನೆ ಹಾಡುವವರನ್ನು ಗಮನಿಸಿ. ಒಬ್ಬಾಕೆ ಸಾಲು ಹೇಳಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಪದ ಗೊತ್ತಿಲ್ಲದವಳೂ ಎರಡನೇ ಸುತ್ತಿಗೆ ಸೇರಿಕೊಳ್ಳುತ್ತಾಳೆ. ಅಭ್ಯಾಸ ಬೇಡ, ಹಾರ್ಮೋನಿಯಂ ಬೇಡ. ಪುನರಾವರ್ತನೆ ಇಲ್ಲಿ ಅಲಂಕಾರವಲ್ಲ. ಹಾಡಲು ಬಾರದವರನ್ನೂ ಒಳಗೆ ಕರೆದುಕೊಳ್ಳುವ ಬಾಗಿಲು. ಆಲಾಪವೂ ಹಾಗೆಯೇ, ಬರೀ ಕಛೇರಿಯ ಸೊತ್ತಲ್ಲ. ಶಿರಾ, ಪಾವಗಡದ ಕಡೆ ಕಾಡುಗೊಲ್ಲರು ಜುಂಜಪ್ಪನ ಕಥೆ ಹಾಡುವಾಗ ಗಣೆ ಎಂಬ ಉದ್ದನೆಯ ಬಿದಿರ ಕೊಳಲನ್ನು ಊದುತ್ತಾರೆ. ಆ ನಾದ ಅರ್ಥ ಹೇಳುವುದಿಲ್ಲ, ಆದರೆ ಅದಿಲ್ಲದೆ ಕಥೆ ಕಳೆಗಟ್ಟುವುದಿಲ್ಲ. ಈ ಎರಡನ್ನೂ ಹೆಸರು ಹಿಡಿದು ಹೊರಗಿಟ್ಟ ಮೇಲೆ, ನಾಡಗೀತೆಯಲ್ಲಿ ಕುವೆಂಪು ಅವರ ಮಾತು ಉಳಿಯಿತು. ನಾಡು ಹಾಡುವ ರೀತಿ ಉಳಿಯಲಿಲ್ಲ.

ರಾಷ್ಟ್ರಗೀತೆಗೂ 52 ಸೆಕೆಂಡಿನ ಕಟ್ಟಿಲ್ಲವೇ ಎನ್ನುತ್ತಾರೆ. ಇದೆ. ಅದು ಸೇನೆಯ ಬ್ಯಾಂಡಿಗೂ ಒದಗಬೇಕು, ಪರದೇಶದ ಅತಿಥಿಯ ಮುಂದೆಯೂ ನುಡಿಯಬೇಕು. 2004ರಲ್ಲಿ ನಾಡಗೀತೆಯಾದ ಕವಿತೆಗೆ ಆ ಹೊರೆ ಯಾಕೆ? ಎಲ್ಲರೂ ಒಟ್ಟಿಗೆ ಹಾಡಲು ಏಕರೂಪ ಬೇಕು ಎಂಬುದು ಇನ್ನೊಂದು ವಾದ. ಎಲ್ಲರೂ ಎಲ್ಲಿ ಹಾಡುತ್ತಿದ್ದಾರೆ? ಎಷ್ಟೋ ಸಮಾರಂಭಗಳಲ್ಲಿ ವೇದಿಕೆಯ ನಾಲ್ವರು ಹಾಡುತ್ತಾರೆ, ಇಲ್ಲವೇ ಸ್ಪೀಕರ್ ಹಾಡುತ್ತದೆ. ಸಭಿಕರು ಕೈಕಟ್ಟಿ ನಿಂತಿರುತ್ತಾರೆ. ಒಂದೇ ಸಲ ಹಾದುಹೋಗುವ ಸಾಲನ್ನು ಹಿಡಿಯುವುದಾದರೂ ಹೇಗೆ?

ಧಾಟಿ ಅನಂತಸ್ವಾಮಿಯವರದೇ ಇರಲಿ. ಆದೇಶದಿಂದ ಆ ಒಂದು ಪದ ತೆಗೆಯಿರಿ. ಶಾಲೆಯಲ್ಲಿ ಒಂದು ಮಗು ಸಾಲೆತ್ತಲಿ, ಉಳಿದವರು ಸೊಲ್ಲು ಹಿಡಿಯಲಿ. ಐದು ನಿಮಿಷವಾದರೆ ಆಗಲಿ. ಭಾಷಣಕ್ಕೆ ಗಡಿಯಾರವಿಲ್ಲದ ಮುಖ್ಯ ಅತಿಥಿಗಳು ಅಷ್ಟು ಹೊತ್ತು ನಿಂತಿರಲಿ.